ಇಂಗ್ಲಿಷಿನ ತರತಮ ರೂಪಗಳಿಗೊಂದು ಅಭ್ಯಾಸ ಪುಸ್ತಕ

ಇಂಗ್ಲಿಷ್ ಗುಣವಾಚಕಗಳ ತರತಮ ರೂಪಗಳನ್ನಷ್ಟೇ ಕಲಿಸುವ ಈ ಅಭ್ಯಾಸ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಿದ್ದೇನೆ. ಕನ್ನಡದಲ್ಲಿ ‘ಅವನಿಗಿಂತ ಇವನು ಎತ್ತರ’ ಎಂದಾಗ ‘ಎತ್ತರ’ ಎಂಬ ಪದ ಬದಲಾಗುವುದಿಲ್ಲ, ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಎಂಬುದೇ ಹೊರುತ್ತದೆ. ಇಂಗ್ಲಿಷಿನಲ್ಲಾದರೋ ‘ದ್ಯಾನ್’ ಬಂದರೂ ‘ಟಾಲ್’ ಎಂಬುದು ‘ಟಾಲರ್’ ಆಗಲೇಬೇಕು. ಇದು ಮನಸ್ಸಿಗೆ ಇಳಿಯದ ಕಲಿಕಾರ್ಥಿಗಳು ‘ಮೋರ್ ಟಾಲರ್’ ಎಂದು ಬರೆಯುವುದು ಸಹಜ, ಮತ್ತು ಆ ತಪ್ಪನ್ನು ತಿದ್ದುವ ಅಧ್ಯಾಯವೇ ಪುಸ್ತಕದ ಜೀವಾಳ. ‘ಬಿಗ್’ ತನ್ನ ಕೊನೆಯ ವ್ಯಂಜನವನ್ನು ಇಮ್ಮಡಿಸಿಕೊಂಡು ‘ಬಿಗ್ಗರ್’ ಆಗುವುದನ್ನೂ, ‘ಹ್ಯಾಪಿ’ಯ ಕೊನೆಯ ವೈ ಅಕ್ಷರ ಐ ಆಗಿ ‘ಹ್ಯಾಪಿಯರ್’ ಬರುವುದನ್ನೂ, ‘ಬ್ಯೂಟಿಫುಲ್’ನಂಥ ಉದ್ದನೆಯ ಪದ ‘ಮೋರ್’ ಬೇಡುವುದನ್ನೂ ಅದು ಪಕ್ಕಪಕ್ಕದಲ್ಲಿಟ್ಟು ಬರೆಸುತ್ತದೆ. ‘ಗುಡ್, ಬೆಟರ್, ಬೆಸ್ಟ್’ ಮಾದರಿಯ ಅನಿಯಮಿತ ರೂಪಗಳಿಗೆ ಒಂದೇ ಪುಟ, ಅಷ್ಟು ಸಾಕು.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ‘ಕ್ಲೆವರರ್’, ‘ಮೋರ್ ಕ್ಲೆವರ್’ ಎರಡೂ ಬಳಕೆಯಲ್ಲಿದ್ದರೂ ಉತ್ತರಪಟ್ಟಿ ಒಂದನ್ನೇ ಒಪ್ಪುತ್ತದೆ. ಸರಿಯಾಗಿ ಬರೆದವರೂ ತಮ್ಮ ಉತ್ತರವನ್ನು ಹೊಡೆದುಹಾಕುವಂತಾಗುವುದು ನ್ಯಾಯವಲ್ಲ. ‘ಸೀನಿಯರ್’, ‘ಜೂನಿಯರ್’ ಪದಗಳ ನಂತರ ‘ದ್ಯಾನ್’ ಬಾರದೆ ‘ಟು’ ಬರುತ್ತದೆ ಎಂಬ ವಿಷಯವೂ ಅಡಿಟಿಪ್ಪಣಿಯಲ್ಲೇ ಮುಗಿದಿದೆ. ಕಚೇರಿಯ ಪತ್ರಗಳಲ್ಲಿ ಪದೇ ಪದೇ ಬೇಕಾಗುವ ಈ ಬಳಕೆಗೆ ಹತ್ತು ವಾಕ್ಯಗಳ ಅಭ್ಯಾಸವನ್ನಾದರೂ ಕೊಡಬೇಕಿತ್ತು.