ಹೈಕೋರ್ಟ್ ವಿಸಿ: ಮನೆ ಫೋನೋ, ಸೈಬರ್ ಸೆಂಟರೋ, ವಕೀಲರ ಆಫೀಸೋ?

ಹೈಕೋರ್ಟಿನ ವಿಸಿಗೆ, ಅಂದರೆ ವಿಡಿಯೋ ಕಾನ್ಫರೆನ್ಸ್ ವಿಚಾರಣೆಗೆ, ಎಲ್ಲಿ ಕೂತು ಹಾಜರಾಗುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಕೀಲರ ಆಫೀಸಿಗೆ. ಸುಮ್ನೆ ಹೇಳುತ್ತಿಲ್ಲ, ಉಳಿದದ್ದರಲ್ಲೆಲ್ಲ ಕೈ ಸುಟ್ಟುಕೊಂಡಿದ್ದೇನೆ.

ನಮ್ಮದು ತೆಂಗಿನ ತೋಟದ ಪಾಲಿನ ಕೇಸು. ತುಮಕೂರು ಕೋರ್ಟಿನಲ್ಲಿ ನಮ್ಮ ಕಡೆ ಡಿಕ್ರಿ ಆಯಿತು. ದೊಡ್ಡಪ್ಪನ ಮಕ್ಕಳು ಒಪ್ಪದೆ ಹೈಕೋರ್ಟಿಗೆ ಆರ್‌ಎಫ್‌ಎ, ಅಂದರೆ ಮೊದಲ ಮೇಲ್ಮನವಿ ಹಾಕಿದರು. ಪಾರ್ಟಿ ಪ್ರತಿ ಸಲ ಬರಬೇಕು ಅಂತೇನಿಲ್ಲ, ವಕೀಲರಿದ್ದರೆ ಸಾಕು. ಆದರೆ ಮನಸ್ಸು ಕೇಳಬೇಕಲ್ವಾ? ಮೊದಲ ಎರಡು ಡೇಟಿಗೆ ನಾನೇ ಹೋದೆ. ಬೆಳಿಗ್ಗೆ ಬಸ್ಸು, ಮಾದಾವರದಲ್ಲಿ ಇಳಿದು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸಿ ವಿಧಾನಸೌಧ ಸ್ಟೇಷನ್. ಅಷ್ಟೆಲ್ಲ ಮಾಡಿ ಕೋರ್ಟ್ ಹಾಲಿನಲ್ಲಿ ಕೂತರೆ ಒಂದೇ ನಿಮಿಷದಲ್ಲಿ ಕೇಸು ಮುಂದಕ್ಕೆ ಹೋಯಿತು. ತುಮಕೂರಿನ ಟೌನ್ ಹಾಲ್ ಹತ್ತಿರ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಒಂದು ದಿನ ಶಟರ್ ಎಳೆದರೆ ಏನಾಗುತ್ತೆ ಅಂತ ಅಂಗಡಿ ಇಟ್ಟವರಿಗೆ ಗೊತ್ತು. 'ವಿಸಿಯಲ್ಲೇ ಬನ್ನಿ ಸಾರ್' ಎಂದು ಬೆಂಗಳೂರಿನ ವಕೀಲರು ಲಿಂಕ್ ಕಳಿಸಿದರು.

ಮೊದಲ ಪ್ರಯೋಗ ಮನೆಯಲ್ಲಿ, ಮಗನ ಹಳೇ ಫೋನಿನಲ್ಲಿ. ನನ್ನ ಫೋನಿಗಿಂತ ಅದರ ಸ್ಕ್ರೀನ್ ದೊಡ್ಡದು. ಹತ್ತೂವರೆಗೆ ಕಲಾಪ ಶುರು. ನಾನು ಹತ್ತೂಕಾಲಿಗೇ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಝೂಮ್ ಲಿಂಕ್ ಒತ್ತಿ ಕೂತೆ. 'ಕಾಯಿರಿ, ಒಳಗೆ ಬಿಡುತ್ತಾರೆ' ಎಂಬರ್ಥದ ಒಂದು ಸಾಲು ಬಂತು. ಕಾದೆ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಅದೇ ಸಾಲು. ಆಮೇಲೆ ವಕೀಲರ ವಾಟ್ಸಾಪ್: 'ಎಲ್ಲಿದ್ದೀರಿ? ನಿಮ್ಮ ಹೆಸರೇ ಕಾಣ್ತಿಲ್ಲ.'

ನನ್ನ ಹೆಸರು ಎಲ್ಲಿಂದ ಕಾಣಬೇಕು? ಮಗ ಕಾಲೇಜಿನಲ್ಲಿದ್ದಾಗ ಆ ಫೋನಿನಲ್ಲಿ ಝೂಮ್ ಖಾತೆ ತೆರೆದು 'ರಾಕಿ 007' ಅಂತ ಹೆಸರಿಟ್ಟುಕೊಂಡಿದ್ದನಂತೆ. ಖಾತೆ ಹಾಗೇ ಇತ್ತು. ಅಂದರೆ ಹೈಕೋರ್ಟಿನ ಬಾಗಿಲಲ್ಲಿ ಬಿಳಿ ಶರಟು ಹಾಕಿಕೊಂಡು ಒಂದೂಕಾಲು ಗಂಟೆ ನಿಂತಿದ್ದವನು ರಾಕಿ 007. ಅಲ್ಲಿ ಕೂತವರ ಜಾಗದಲ್ಲಿ ನಾನಿದ್ದರೂ ಒಳಗೆ ಬಿಡುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಯಾರೋ ಕಿಡಿಗೇಡಿಗಳು ನಮ್ಮ ಹೈಕೋರ್ಟಿನ ವಿಸಿಗೆ ನುಗ್ಗಿ ಅಶ್ಲೀಲ ವಿಡಿಯೋ ಹಾಕಿದ್ದರು. ಆಗ ವಿಸಿಯನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಅಂಥದ್ದೆಲ್ಲ ನೋಡಿದವರು ಗುರುತು ಪರಿಚಯ ಇಲ್ಲದ ಹೆಸರನ್ನು ಯಾಕೆ ನಂಬಬೇಕು?

ಕಾಯುವಾಗ ಹೆಸರು ಬದಲಿಸೋಣವೆಂದರೆ ಎಲ್ಲಿ ಒತ್ತಬೇಕೋ ಸಿಗಲೇ ಇಲ್ಲ. ಹೊರಗೆ ಬಂದು, ಖಾತೆಯಿಂದ ಲಾಗೌಟ್ ಆಗಿ, ಹೊಸದಾಗಿ ಹೆಸರು ಬರೆದು ಮತ್ತೆ ಹೋಗಬೇಕು. ಮಗನಿಗೆ ಫೋನ್ ಮಾಡಿ ಅಷ್ಟನ್ನೂ ಕೇಳಿಕೊಂಡು ಮಾಡುವಷ್ಟರಲ್ಲಿ ನಮ್ಮ ಐಟಂ, ಅಂದರೆ ಅಂದಿನ ಲಿಸ್ಟಿನಲ್ಲಿ ನಮ್ಮ ಕೇಸಿನ ಸರದಿ, ಮುಗಿದಿತ್ತು. ಹೆಸರು ಬರೆಯುವುದರಲ್ಲೂ ಒಂದು ಲೆಕ್ಕ ಇದೆ, ಅದನ್ನು ಆಮೇಲೆ ಕಲಿತೆ. ಮೊದಲು ಐಟಂ ನಂಬರು, ಆಮೇಲೆ ಕೇಸ್ ನಂಬರು, ನಾವು ಎಷ್ಟನೇ ರೆಸ್ಪಾಂಡೆಂಟು (ಮೇಲ್ಮನವಿಯಲ್ಲಿ ಎದುರುದಾರರು), ಕೊನೆಗೆ ಹೆಸರು. ಉದ್ದ ಜಾಸ್ತಿಯಾದರೆ ಬಾಲ ಕತ್ತರಿಸಿ ಹೋಗುತ್ತೆ. ಹೆಸರು ಹೋದರೂ ಪರವಾಗಿಲ್ಲ, ಐಟಂ ನಂಬರು ಕಾಣಬೇಕು.

ಮುಂದಿನ ಡೇಟಿಗೆ ಹೆಸರು ಸರಿ ಇತ್ತು, ಒಳಗೂ ಬಿಟ್ಟರು. ಆದರೆ ಮೈಕ್ ಆನ್ ಆಗೇ ಇತ್ತು. ನಮ್ಮನೆ ಕುಕ್ಕರಿನ ವಿಷಲ್, ಬೀದಿಯ ಕಸದ ಗಾಡಿಯ ಹಾಡು ಎರಡೂ ನೇರ ಕೋರ್ಟ್ ಹಾಲಿಗೆ ಹೋದವು. 'ಯಾರ್ರೀ ಅದು, ಮ್ಯೂಟ್ ಮಾಡ್ಕೊಳ್ಳಿ' ಅಂತ ಒಂದು ದನಿ ಬಂತು. ಮೈ ಬೆವರಿತು. ಇದಕ್ಕೆಂದೇ 1,299 ರೂಪಾಯಿ ಕೊಟ್ಟು ಬ್ಲೂಟೂತ್ ಇಯರ್‌ಬಡ್ ತಂದಿದ್ದೆ. ಮಧ್ಯೆ ಯಾರೋ ಪೇಂಟ್ ರೇಟು ಕೇಳಲು ಕಾಲ್ ಮಾಡಿದರು, ಕೋರ್ಟಿನ ದನಿ ಮಾಯ. ಈಗ ಅದರಲ್ಲಿ ಹೆಂಡತಿ ಧಾರಾವಾಹಿ ಕೇಳುತ್ತಾಳೆ. ಕೋರ್ಟಿಗೆ ನೂರೈವತ್ತು ರೂಪಾಯಿಯ ವೈರ್ ಇಯರ್‌ಫೋನೇ ಸರಿ.

ಸೈಬರ್ ಸೆಂಟರಿನಲ್ಲಿ ನೆಟ್ ಚೆನ್ನಾಗಿತ್ತು, ಗಂಟೆಗೆ ನಲವತ್ತು ರೂಪಾಯಿ. ಆದರೆ ಪಕ್ಕದಲ್ಲಿ ಒಬ್ಬ ಹುಡುಗ ಯಾವುದೋ ಅರ್ಜಿ ತುಂಬುತ್ತಾ ಜೋರಾಗಿ ಆಧಾರ್ ನಂಬರು ಓದುತ್ತಿದ್ದ. ಅದನ್ನಾದರೂ ಸಹಿಸಬಹುದು. ಸ್ವಲ್ಪ ಹೊತ್ತಿಗೆ ಹಿಂದೆ ತಿರುಗಿ ನೋಡಿದರೆ ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದು ನನ್ನ ಸ್ಕ್ರೀನಿನಲ್ಲಿದ್ದ ಜಡ್ಜ್‌ನೇ ವಿಡಿಯೋ ಮಾಡುತ್ತಿದ್ದಾನೆ! ಕೋರ್ಟ್ ಅನುಮತಿ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ ಎಂದು ನಿಯಮದಲ್ಲೇ ಇದೆ. ಅದು ಎಲ್ಲಾದರೂ ಸ್ಟೇಟಸ್‌ಗೆ ಹೋಗಿ, ಯಾವ ಕಂಪ್ಯೂಟರಿನಿಂದ ಬಂತು ಅಂತ ಹುಡುಕಿದರೆ ಮೊದಲು ಸಿಗುವುದು ನನ್ನ ಹೆಸರೇ ಅಲ್ವಾ? ಮಾನಿಟರ್ ಆಫ್ ಮಾಡಿ, ಅವನ ಫೋನಿನಲ್ಲಿ ಅದನ್ನು ಅಳಿಸುವವರೆಗೂ ಬಿಡಲಿಲ್ಲ. ಮತ್ತೆ ಅತ್ತ ತಲೆ ಹಾಕಿಲ್ಲ.

ನೋಡಿದರೆ ಸಾಕು ಅನ್ನುವವರಿಗೆ ಯೂಟ್ಯೂಬ್ ನೇರಪ್ರಸಾರವಿದೆ. ನಿಮ್ಮ ಕೋರ್ಟ್ ಹಾಲಿನದು ಅಂದು ಬರುತ್ತಿದ್ದರೆ ಅದೇ ಆರಾಮ, ಹೆಸರಿನ ತಾಪತ್ರಯವೂ ಇಲ್ಲ. ಆದರೆ ಜಡ್ಜ್ ಏನಾದರೂ ಕೇಳಿದರೆ ಉತ್ತರ ಕೊಡಲಾಗುವುದಿಲ್ಲ.

ಇನ್ನು ನನ್ನ ಅಡ್ಡಾ. ತುಮಕೂರಿನಲ್ಲಿ ನಮ್ಮ ಕೇಸು ನಡೆಸಿದ ವಕೀಲರ ಆಫೀಸು ಅಂಗಡಿಯ ಎದುರಿನ ಮಹಡಿ ಮೇಲಿದೆ. ಅಲ್ಲಿ ವೈರ್ ಎಳೆದ ಬ್ರಾಡ್‌ಬ್ಯಾಂಡ್, ಲ್ಯಾಪ್‌ಟಾಪ್, ಕರೆಂಟ್ ಹೋದರೆ ಯುಪಿಎಸ್ ಎಲ್ಲ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಜೂನಿಯರ್ ಮೇಡಂ ಇದ್ದಾರೆ. ಹೆಸರು, ಮ್ಯೂಟು, ಕ್ಯಾಮೆರಾ ಎಲ್ಲ ಅವರೇ ಸರಿ ಮಾಡಿಡುತ್ತಾರೆ. ನಮ್ಮ ಐಟಂಗೆ ಇನ್ನು ಐದಾರು ಇದೆ ಅನ್ನುವಾಗ ಒಂದು ಮಿಸ್ಡ್ ಕಾಲ್. ನಾನು ತಕ್ಕಡಿ ಬಿಟ್ಟು, ಕೈ ತೊಳೆದು, ಮೆಟ್ಟಿಲು ಹತ್ತುತ್ತೇನೆ. ಅಲ್ಲಿಯವರೆಗೆ ಮೊಳೆ ತೂಗುತ್ತಾ ಇರಬಹುದು.

ಒಂದು ದಿನ ಹಾಗೇ ಓಡಿ ಹೋಗಿ ಕೂತೆ. ಮೇಡಂ ನನ್ನ ಮುಖ ನೋಡಿ, 'ಅಂಕಲ್, ಬಾಯಲ್ಲಿ ಏನದು?' ಅಂದರು. ಎಲೆಅಡಿಕೆ. 'ಉಗಿದು, ಬಾಯಿ ತೊಳ್ಕೊಂಡು ಬನ್ನಿ. ಅಲ್ಲಿ ನಿಂತಾಗ ಹೇಗಿರ್ತೀರೋ ಇಲ್ಲೂ ಹಾಗೇ ಇರಬೇಕು.' ಅವರು ಹೇಳಿದ್ದು ಸರಿಯೇ. 2020ರ ವಿಸಿ ನಿಯಮಗಳ ತಿರುಳೇ ಅದು, ಕೋರ್ಟ್ ಹಾಲಿನ ಮರ್ಯಾದೆ ವಿಸಿಗೂ ಅಷ್ಟೇ ಅನ್ವಯ. ಗುಜರಾತ್ ಹೈಕೋರ್ಟಿನಲ್ಲಿ 2025ರಲ್ಲಿ ಒಬ್ಬ ಟಾಯ್ಲೆಟ್‌ನಲ್ಲಿ ಕೂತೇ ವಿಸಿಗೆ ಬಂದು, ಕೊನೆಗೆ ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂತು. ಅವನ ಮುಂದೆ ನನ್ನ ಎಲೆಅಡಿಕೆ ಸಣ್ಣದೇ. ಆದರೂ ಅಂದಿನಿಂದ ಡೇಟಿನ ದಿನ ಊಟದ ತನಕ ಅದನ್ನು ಮುಟ್ಟುವುದಿಲ್ಲ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಮೇಡಂಗೆ ಇಲ್ಲಿನ ಕೋರ್ಟಿನಲ್ಲಿ ಕೆಲಸವಿದ್ದ ದಿನ ಆಫೀಸಿಗೆ ಬೀಗ. ಖರ್ಚು ಕೇಳಿದರೆ, ಅವರು ದುಡ್ಡು ಮುಟ್ಟುವುದಿಲ್ಲ. ಕಾಯಿ ಕೆಡವಿದಾಗ ಒಂದು ಚೀಲ ಕಳಿಸುತ್ತೇನೆ.

ಮನೆಯಲ್ಲಿ ಒಳ್ಳೇ ನೆಟ್, ಲ್ಯಾಪ್‌ಟಾಪ್, ಬಾಗಿಲು ಹಾಕಿಕೊಳ್ಳುವ ರೂಮು ಇರುವವರಿಗೆ ಮನೆಯೇ ಸಾಕು. ನನಗೆ ಆಗಿಬರಲಿಲ್ಲ. ಆದರೆ ಸಾಕ್ಷಿ ಹೇಳುವುದಿದ್ದರೆ ಇದ್ಯಾವುದೂ ಬೇಡ. ಅದಕ್ಕೆ ಕೋರ್ಟ್ ಹೇಳಿದ ಜಾಗಕ್ಕೆ ಗುರುತಿನ ಚೀಟಿ ಹಿಡಿದು ಹೋಗಬೇಕು. ಅಲ್ಲಿ ಯಾರೂ ಪಕ್ಕದಲ್ಲಿ ನಿಂತು ಹೇಳಿಕೊಡದ ಹಾಗೆ ನೋಡಿಕೊಳ್ಳಲು ಒಬ್ಬ ಕೋಆರ್ಡಿನೇಟರ್ ಇರುತ್ತಾರೆ.

ನಾಳೆ ಮತ್ತೆ ಡೇಟು. ಸಂಜೆ ಮೇಡಂ ಲಿಸ್ಟ್ ನೋಡಿ ಹೇಳಿದರು, ಐಟಂ 52. ಊಟಕ್ಕೆ ಮುಂಚೆ ಬರುವುದು ಅನುಮಾನ. ಅಷ್ಟರಲ್ಲಿ ಸಿಮೆಂಟ್ ಲೋಡು ಇಳಿಸಿಕೊಳ್ಳಬಹುದು.