ಸಂಚಿಕೆಗೆಂದು ಕೊಟ್ಟ ಚಿತ್ರ ಜಾತ್ರೆಯಲ್ಲಿ ಮಾರಾಟಕ್ಕಿತ್ತು

ವಾಟ್ಸ್‌ಆ್ಯಪ್‌ನ ಓದುಗರ ಬಳಗಗಳಲ್ಲಿ ಕಾದಂಬರಿಯ ಪಾತ್ರಗಳ ಚಿತ್ರ ಬಿಡಿಸಿ ಹಾಕುವವರು, ಇವತ್ತು ಎಷ್ಟು ಪುಟ ಓದಿದೆ ಎಂದು ರಾತ್ರಿ ಲೆಕ್ಕ ಒಪ್ಪಿಸಿ ಮಲಗುವವರು ಇದನ್ನು ದಯವಿಟ್ಟು ಓದಿ. ನನ್ನ ಚಿತ್ರ ಕದ್ದರು ಎಂಬುದಷ್ಟೇ ಆಗಿದ್ದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದೆ. ಕದ್ದವನು ಆರಾಮಾಗಿ ಓಡಾಡಿಕೊಂಡಿದ್ದ. ನೋಟಿಸು ಬಂದದ್ದು ನನಗೆ.

ನಾನು ಶಿರಸಿಯವಳು. ಅಡಿಕೆ ವ್ಯವಹಾರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. 2023ರ ಜೂನ್‌ನಲ್ಲಿ ಗೆಳತಿಯೊಬ್ಬಳು ಅಂಥದೇ ಒಂದು ಬಳಗಕ್ಕೆ ಸೇರಿಸಿದಳು. ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ, ಕಾರವಾರದ ಕಡೆಯ ನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಮಳೆಗಾಲ ಮುಗಿಯುವುದರೊಳಗೆ ಹನ್ನೆರಡು ಪುಸ್ತಕ ಓದಬೇಕು, ದಿನವೂ ಓದಿದ ಪುಟದ ಫೋಟೊ ತೆಗೆದು ‘143/312’ ಎಂಬಂತೆ ಬರೆದು ಹಾಕಬೇಕು. ಘಟ್ಟದ ಮೇಲೆ ಮಳೆ ಹಿಡಿಯಿತೆಂದರೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಂಥ ಸಂಜೆಗಳಲ್ಲಿ ಕಾರವಾರದಲ್ಲೋ ಅಂಕೋಲೆಯಲ್ಲೋ ಇನ್ನೊಬ್ಬರು ಅದೇ ಪುಸ್ತಕದ ಅದೇ ಅಧ್ಯಾಯದಲ್ಲಿದ್ದಾರೆ ಎಂದು ತಿಳಿಯುವುದೇ ಒಂದು ಸುಖ. ಅದನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಸುಳ್ಳು ಲೆಕ್ಕ ಕೊಡುವವರೂ ಇದ್ದರೆನ್ನಿ. ಒಬ್ಬರು ಮಗಳ ಮದುವೆಯ ದಿನವೂ ತೊಂಬತ್ತು ಪುಟ ಓದಿ ಮುಗಿಸಿದ್ದರು. ಮದುವೆಯ ಪಂಕ್ತಿಯಲ್ಲಿ ಬಡಿಸುತ್ತಿರುವ ಅವರ ಫೋಟೊ, ತೊಂಬತ್ತು ಪುಟದ ಲೆಕ್ಕ, ಎರಡೂ ಒಂದೇ ಗಂಟೆಯೊಳಗೆ ಬಂದವು. ಉದ್ಯೋಗದ ದೋಷ, ನನಗೆ ತಾಳೆಯಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ.

ಚಿತ್ರದ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರಗಳನ್ನು ನೋಡುತ್ತ ಬೆಳೆದವಳು ನಾನು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಪೂರ್ತಿ ಒಣಗುವ ಮೊದಲೇ ಚೂಪಾದ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಗೋವಾದಿಂದ ನಮ್ಮ ಕರಾವಳಿಯವರೆಗೆ ಹಳೆಯ ಗುಡಿಗಳಲ್ಲಿ ಈ ಕೆಲಸ ಕಾಣಸಿಗುತ್ತದೆ. ಇರುವುದು ಎರಡೇ ಬಣ್ಣ, ಒರೆಸಿ ತಿದ್ದಲು ಬಾರದು. ನಾನು ಮಾಡುವುದು ಇದರ ಕಾಗದದ ನಕಲು. ದಪ್ಪ ಕಾಗದಕ್ಕೆ ಬಿಳಿ ಬಳಿದು, ಅದರ ಮೇಲೆ ಕೆಂಪು ಬಳಿದು, ಅಡಿಕೆ ಚೀಲ ಹೊಲಿಯುವ ದಬ್ಬಣದಿಂದ ಕೆರೆಯುತ್ತೇನೆ. ಆ ಮಳೆಗಾಲದಲ್ಲಿ ನಾವೆಲ್ಲ ಓದುತ್ತಿದ್ದ ಒಂದು ಕಾದಂಬರಿಯ ಹತ್ತು ಪಾತ್ರಗಳನ್ನು ಹೀಗೆ ಕೆರೆದೆ. ಪುಸ್ತಕದ ಹೆಸರು ಬೇಡ. ಬರೆದವರು ಬದುಕಿದ್ದಾರೆ, ಈ ರಗಳೆಗೆ ಅವರನ್ನು ಎಳೆದು ತರುವುದು ನನಗೆ ಇಷ್ಟವಿಲ್ಲ. ಕರಾವಳಿಯ ಒಂದು ಸಂಸಾರದ ಕಥೆ ಎಂದರೆ ಸಾಕು. ಆಚೆ ದಡಕ್ಕೆ ದಾಟಿಸುವ ತಾರಿಗೆ ಕಾಯುತ್ತ ಕುಳಿತ ಮುದುಕಿಯ ಚಿತ್ರಕ್ಕೆ ಬಳಗದಲ್ಲಿ ಬಂದ ಮೆಚ್ಚುಗೆ ಎಣಿಸಲು ನನಗೆ ಎರಡು ದಿನ ಹಿಡಿಯಿತು. ಎಣಿಸಿದೆನೇ ಎಂದು ಕೇಳಬೇಡಿ.

ಅಕ್ಟೋಬರ್‌ನಲ್ಲಿ ಅಡ್ಮಿನ್ ಖಾಸಗಿಯಾಗಿ ಸಂದೇಶ ಕಳಿಸಿದ. ಮೂವತ್ತರ ಆಸುಪಾಸಿನವನು, ವಿನಯವಂತ, ಪ್ರತಿ ವಾಕ್ಯಕ್ಕೂ ಒಂದು ‘ಅಕ್ಕ’. ಬಳಗದಿಂದ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಉಚಿತವಾಗಿ ಹಂಚುತ್ತೇವೆ, ನಿಮ್ಮ ಚಿತ್ರಗಳಿಲ್ಲದೆ ಅದಕ್ಕೆ ಕಳೆಯಿಲ್ಲ ಎಂದ. ಕೊನೆಗೆ, ‘ಫೋಟೊ ಎಂದು ಕಳಿಸಬೇಡಿ ಅಕ್ಕ, ಡಾಕ್ಯುಮೆಂಟ್ ಆಗಿ ಕಳಿಸಿ, ಮುದ್ರಣಕ್ಕೆ ಸ್ಪಷ್ಟವಾಗಿರಬೇಕು’ ಎಂದ.

ಈ ಒಂದು ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಫೋಟೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ ಕಳಿಸುತ್ತದೆ. ಮೊಬೈಲಿನಲ್ಲಿ ನೋಡಲು ಅದು ಚೆನ್ನಾಗಿಯೇ ಇರುತ್ತದೆ, ದೊಡ್ಡದಾಗಿ ಮುದ್ರಿಸಲು ಹೋದರೆ ಒಡೆಯುತ್ತದೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಎಂಬುದು ಪ್ರೆಸ್ಸಿನವರ ಲೆಕ್ಕ. ಹನ್ನೆರಡು ಅಂಗುಲ ಅಗಲದ ಗೋಡೆ ಚಿತ್ರಕ್ಕೆ 3600 ಚುಕ್ಕಿ ಬೇಕು. ಸಂಚಿಕೆಯ ಅಂಗೈಯಗಲದ ಪುಟದ ಮೂಲೆಯಲ್ಲಿ ಬರುವ ಚಿತ್ರಕ್ಕೆ ಅಷ್ಟು ಏಕೆ ಬೇಕು? ದಿನವಿಡೀ ಲೆಕ್ಕ ತಾಳೆ ಹಾಕುವವಳಿಗೆ ಆ ಪ್ರಶ್ನೆ ಅಂದು ಹೊಳೆಯಲಿಲ್ಲ. ಹೊಗಳಿಕೆ ಎಂಬುದು ಅಷ್ಟು ಒಳ್ಳೆಯ ಮಂಪರು.

ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೊದ ಜೊತೆಗೆ ಇನ್ನೊಂದು ಹೋಗುತ್ತದೆ ಎಂದು ಆಮೇಲೆ ಅಕ್ಕನ ಮಗ ತೋರಿಸಿಕೊಟ್ಟ. ಕ್ಯಾಮೆರಾದಲ್ಲಿ ಸ್ಥಳ ಗುರುತಿಸುವ ಆಯ್ಕೆ ತೆರೆದಿದ್ದರೆ, ಫೋಟೊ ತೆಗೆದ ಜಾಗ ಕಡತದೊಳಗೇ ದಾಖಲಾಗಿರುತ್ತದೆ. ನನ್ನ ಕಡತ ತೆರೆದು ಆ ಅಂಕಿಗಳನ್ನು ನಕ್ಷೆಗೆ ಹಾಕಿದಾಗ ಗುರುತು ಬಂದು ನಿಂತದ್ದು ನಮ್ಮ ಮನೆಯ ಅಂಗಳದಲ್ಲಿ, ದಣಪೆಯಿಂದ ನಾಲ್ಕು ಹೆಜ್ಜೆ ಒಳಗೆ. ‘ಇವರು ಬೆಂಗಳೂರಿಗೆ ಹೋಗಿದ್ದಾರೆ, ಮನೆಯಲ್ಲಿ ನಾನೊಬ್ಬಳೇ, ಇವತ್ತು ನೂರು ಪುಟ’ ಎಂದು ಬಳಗದಲ್ಲಿ ಸಂಭ್ರಮದಿಂದ ಬರೆದದ್ದು ಆಗ ನೆನಪಾಯಿತು. ಅದರಿಂದ ಏನೂ ಆಗಲಿಲ್ಲ. ಆದರೂ ಆ ರಾತ್ರಿ ಎರಡು ಸಲ ಎದ್ದು ಬಾಗಿಲ ಅಗುಳಿ ನೋಡಿದೆ.

ಸಂಚಿಕೆ ಬರಲಿಲ್ಲ. ಕೇಳಿದಾಗಲೆಲ್ಲ ‘ಪ್ರೆಸ್ಸಿನಲ್ಲಿದೆ ಅಕ್ಕ’ ಎಂಬ ಉತ್ತರ.

2024ರ ಮಾರ್ಚ್‌ನಲ್ಲಿ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿ ಜಾತ್ರೆಗೆ ಶಿರಸಿಯೆಂಬ ಊರೇ ಬೇರೆಯಾಗಿಬಿಡುತ್ತದೆ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿಯ ದರ್ಶನ ಮಾಡಿ, ಬಳೆಯಂಗಡಿಗಳ ಸಾಲಿನಲ್ಲಿ ನೂಕುನುಗ್ಗಲಿನ ನಡುವೆ ಬರುತ್ತಿದ್ದೆ. ಬಟ್ಟೆಚೀಲ, ಕೀಲಿಗೊಂಚಲುಗಳ ಒಂದು ಮಳಿಗೆಯಲ್ಲಿ ತಾರಿಗೆ ಕಾಯುವ ನನ್ನ ಮುದುಕಿ ತೂಗಾಡುತ್ತಿದ್ದಳು. ಗೋಡೆ ಚಿತ್ರ ಇನ್ನೂರೈವತ್ತು ರೂಪಾಯಿ, ಬಟ್ಟೆಚೀಲ ನೂರೈವತ್ತು, ಪುಸ್ತಕದ ನಡುವೆ ಇಡುವ ಬುಕ್‌ಮಾರ್ಕ್ ಮೂವತ್ತು. ಹತ್ತೂ ಪಾತ್ರಗಳಿದ್ದವು. ಪ್ರತಿ ಚಿತ್ರದ ಕೆಳಗೆ ಕಾದಂಬರಿಯದೇ ಒಂದೊಂದು ಮಾತನ್ನು ಅಚ್ಚು ಹಾಕಿದ್ದರು. ನನ್ನ ಸಹಿಯನ್ನು ಒಂಬತ್ತು ಚಿತ್ರಗಳಲ್ಲಿ ಅಳಿಸಿದ್ದರು. ಹತ್ತನೆಯದರಲ್ಲಿ ಸಹಿ ಮುದುಕಿಯ ಸೀರೆಯ ನಿರಿಗೆಯೊಳಗೆ ಸೇರಿಕೊಂಡಿದ್ದರಿಂದ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹೆಸರಿನ ಕೆಳಗೆ ಊರಿನ ಹೆಸರನ್ನೂ ಬರೆಯುವುದು ನನ್ನ ಹಳೆಯ ಚಾಳಿ.

ಮಳಿಗೆಯಲ್ಲಿದ್ದ ಹುಡುಗ ಸಂಬಳಕ್ಕಿದ್ದವನು. ಮಾಲು ಎಲ್ಲಿಂದ ಎಂದು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಅಡ್ಮಿನ್‌ನ ಹೆಸರು ಹೇಳಿದ. ಮೂವತ್ತು ರೂಪಾಯಿ ಕೊಟ್ಟು ನನ್ನದೇ ಚಿತ್ರದ ಬುಕ್‌ಮಾರ್ಕ್ ಕೊಂಡು ಮನೆಗೆ ಬಂದೆ. ರಸೀದಿ ಕೇಳಬೇಕಿತ್ತು. ಜಾತ್ರೆಯಲ್ಲಿ ರಸೀದಿ ಯಾರು ಕೇಳುತ್ತಾರೆ?

ಫೋನ್ ಮಾಡಿದಾಗ ಅವನಲ್ಲಿ ಗಾಬರಿಯೇ ಇರಲಿಲ್ಲ. ‘ಬಳಗದಲ್ಲಿ ಹಾಕಿದ ಮೇಲೆ ಅದು ಬಳಗದ್ದಲ್ಲವೇ ಅಕ್ಕ? ನೀವಾದರೂ ಪಾತ್ರವನ್ನು ಹುಟ್ಟಿಸಿದ್ದೀರಾ? ಬೇರೆಯವರ ಕಾದಂಬರಿಯಿಂದ ತೆಗೆದುಕೊಂಡದ್ದು ತಾನೇ?’ ಎಂದ. ಆ ಕೊನೆಯ ಮಾತಿಗೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ಅರ್ಧ ಗಂಟೆಯ ನಂತರ ನೋಡಿದರೆ ನನ್ನನ್ನು ಬಳಗದಿಂದ ತೆಗೆದುಹಾಕಿದ್ದ.

ಏಪ್ರಿಲ್‌ನಲ್ಲಿ ಆ ಕಾದಂಬರಿಯ ಪ್ರಕಾಶಕರಿಂದ ರಿಜಿಸ್ಟರ್ಡ್ ಪತ್ರ ಬಂತು. ನಮ್ಮ ಕೃತಿಯ ಸಾಲುಗಳನ್ನೂ ಪಾತ್ರಗಳನ್ನೂ ಅನುಮತಿಯಿಲ್ಲದೆ ಬಳಸಿ ವ್ಯಾಪಾರ ಮಾಡುತ್ತಿದ್ದೀರಿ, ವಿವರಣೆ ಕೊಡಿ ಎಂದು. ಜಾತ್ರೆಗೆ ಬಂದಿದ್ದ ಯಾರೋ ಓದುಗರು ಅವರಿಗೆ ಬಟ್ಟೆಚೀಲದ ಫೋಟೊ ಕಳಿಸಿದ್ದರಂತೆ. ಅದರಲ್ಲಿದ್ದ ಒಂದೇ ಒಂದು ಹೆಸರು ನನ್ನದು, ನಿರಿಗೆಯೊಳಗಿನದು. ಶಿರಸಿಯಲ್ಲಿ ದಬ್ಬಣ ಹಿಡಿದು ಚಿತ್ರ ಕೆರೆಯುವವರು ಎಷ್ಟು ಜನರಿದ್ದಾರು? ಪುಸ್ತಕದ ಅಂಗಡಿಯಲ್ಲಿ ವಿಚಾರಿಸಿದರೆ ವಿಳಾಸ ಸಿಗುವುದು ಕಷ್ಟವಲ್ಲ.

ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದೆ. ನನ್ನ ಅಕ್ಕನ ಗಂಡ ಅಲ್ಲಿ ವಕೀಲರು. ಭಾವ ಪತ್ರ ಓದಿ, ಬುಕ್‌ಮಾರ್ಕ್ ತಿರುಗಿಸಿ ನೋಡಿ, ಕವಳದ ಬಟ್ಟಲು ಆಚೆ ಸರಿಸಿ ವಿವರಿಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬಿಡಿಸಿದ ಕ್ಷಣದಿಂದಲೇ ಅದರ ಹಕ್ಕು ನನ್ನದು, ನೋಂದಣಿ ಕಡ್ಡಾಯವಲ್ಲ. ಬಳಗದಲ್ಲಿ ಹಾಕಿದ ಮಾತ್ರಕ್ಕೆ ಅದು ಬಳಗದ್ದಾಗುವುದಿಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿರಬೇಕು, ಸಹಿ ಇರಬೇಕು. ಚಿತ್ರ ಬಿಡಿಸಿದವಳು ನಾನೇ ಎಂದು ಹೇಳಿಕೊಳ್ಳುವ ಅಧಿಕಾರವಂತೂ, ಹಕ್ಕನ್ನು ಮಾರಿದ ಮೇಲೂ 57ನೇ ಸೆಕ್ಷನ್‌ನಲ್ಲಿ ಉಳಿಯುತ್ತದೆ.

ನನಗೆ ಜೀವ ಬಂದಂತಾಯಿತು. ಭಾವ ಅಲ್ಲಿಗೇ ನಿಲ್ಲಿಸಲಿಲ್ಲ.

‘ಕಾದಂಬರಿಯ ಹಕ್ಕೂ ಹಾಗೆಯೇ ಅಲ್ಲವೇ? ಲೇಖಕರು ಇರುವಷ್ಟು ಕಾಲ, ಆಮೇಲೆ 60 ವರ್ಷ. ಕಥೆಯನ್ನು ಚಿತ್ರಗಳಲ್ಲೇ ಹೇಳಿ ಪುಸ್ತಕ ಮಾಡುವಂತಾದರೆ ಅದು ರೂಪಾಂತರ, ಆ ಹಕ್ಕು ಅವರದ್ದು. ನೀನು ಮನೆಯಲ್ಲಿ ಕುಳಿತು ಪ್ರೀತಿಗೆ ನಾಲ್ಕು ಚಿತ್ರ ಕೆರೆದರೆ ಯಾರೂ ಕೇಳಲಿಕ್ಕಿಲ್ಲ. ಇಲ್ಲಿ ಅವರ ಸಾಲು ಅಚ್ಚು ಹಾಕಿ ದುಡ್ಡು ಮಾಡಿದ್ದಾರೆ. ಮಾರಿದವಳು ನೀನಲ್ಲ ಎಂದು ತೋರಿಸಲು ಏನಿದೆ?’

ಏನಿತ್ತು? ಮೂಲ ಚಿತ್ರಗಳಿದ್ದವು, ಹತ್ತೂ. ಚಿತ್ರ ಬಿಡಿಸಿದ ದಿನಾಂಕ ತೋರಿಸುವ ಫೋಟೊಗಳು ಮೊಬೈಲಿನಲ್ಲಿದ್ದವು. ಅವೆಲ್ಲ ಹೇಳುವುದು ಚಿತ್ರ ನನ್ನದೆಂದು. ಅದನ್ನು ಪ್ರಕಾಶಕರು ಆಗಲೇ ಹೇಳುತ್ತಿದ್ದಾರಲ್ಲ! ಬೇಕಾಗಿದ್ದದ್ದು ‘ಉಚಿತವಾಗಿ ಹಂಚುತ್ತೇವೆ’ ಎಂದು ಅವನು ಬರೆದ ಒಂದು ಸಾಲು. ಭಾವನ ಎದುರೇ ಹುಡುಕಿದೆ. ನಮ್ಮಿಬ್ಬರ ಸಂಭಾಷಣೆ ಖಾಲಿ. ಬಳಗದ ಹಳೆಯ ಸಂದೇಶಗಳೂ ಖಾಲಿ.

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ತಾವಾಗಿ ಮರೆಯಾಗುವ ಒಂದು ಏರ್ಪಾಡು ಇದೆ. 24 ಗಂಟೆ, 7 ದಿನ, 90 ದಿನ ಎಂದು ಅವಧಿ ಆಯ್ದುಕೊಳ್ಳಬಹುದು. ಎಲ್ಲರ ಮೊಬೈಲು ತುಂಬಬಾರದೆಂದು ಅವನು ಬಳಗಕ್ಕೆ ಮೊದಲಿನಿಂದಲೇ 90 ದಿನ ಇಟ್ಟಿದ್ದ. ಆಗ ಅದು ಉಪಕಾರವೆಂದೇ ತೋರಿತ್ತು. ನನ್ನೊಂದಿಗಿನ ಖಾಸಗಿ ಮಾತುಕತೆಗೂ ಅದನ್ನೇ ಇಟ್ಟಿದ್ದ. ಹಾಗೆ ಇಟ್ಟಾಗ ಸಂಭಾಷಣೆಯ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಬರುತ್ತದೆ. ಬಂದಿತ್ತು. ಓದಿರಲಿಲ್ಲ. ಅಕ್ಟೋಬರ್‌ನ ಮಾತು ಜನವರಿಗೆ ಆವಿಯಾಯಿತು, ಮಾರ್ಚ್‌ನಲ್ಲಿ ಜಾತ್ರೆ. ಅವನು ಇದನ್ನೆಲ್ಲ ಎಣಿಸಿಯೇ ಮಾಡಿದನೋ, ಅವನ ಅದೃಷ್ಟ ಹಾಗಿತ್ತೋ, ಈಗಲೂ ನನಗೆ ತೀರ್ಮಾನಿಸಲು ಆಗಿಲ್ಲ.

ಬಳಗದಲ್ಲಿ ಕಾರವಾರದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಅವರಿಗೆ ಸ್ಕ್ರೀನ್‌ಶಾಟ್ ತೆಗೆಯಲು ಬರುವುದಿಲ್ಲ. ಮುಖ್ಯವೆನಿಸಿದ್ದನ್ನೆಲ್ಲ ಯಜಮಾನರ ಮೊಬೈಲಿನಿಂದ ತಮ್ಮ ಮೊಬೈಲಿನ ಪರದೆಯ ಫೋಟೊ ತೆಗೆದಿಟ್ಟುಕೊಳ್ಳುವುದು ಅವರ ರೂಢಿ. ಇದಕ್ಕೆ ನಾವು ಎಷ್ಟೋ ಸಲ ನಕ್ಕಿದ್ದೆವು. ಸಂಚಿಕೆಯ ಬಗ್ಗೆ ಅಡ್ಮಿನ್ ಬಳಗದಲ್ಲಿ ಹಾಕಿದ್ದ ಪ್ರಕಟಣೆಯ ಫೋಟೊ ಅವರಲ್ಲಿತ್ತು. ‘ಸಂಚಿಕೆ ಉಚಿತ, ಚಿತ್ರ ಕೊಟ್ಟವರಿಗೆ ಗೌರವ ಪ್ರತಿ’, ಮೇಲೆ ಅವನ ಹೆಸರು, ದಿನಾಂಕ, ಪರದೆಯ ಮೂಲೆಯಲ್ಲಿ ಟೀಚರ್ ಅವರ ಕನ್ನಡಕದ ಪ್ರತಿಬಿಂಬ. ಆ ಒಂದು ಮಂಕು ಫೋಟೊ, ಭಾವ ಬರೆದುಕೊಟ್ಟ ಉತ್ತರ, ಮಳಿಗೆಯ ಹುಡುಗ ಹೇಳಿದ ಹೆಸರು, ಇಷ್ಟನ್ನೂ ಕಳಿಸಿದೆ. ಪ್ರಕಾಶಕರು ಸಭ್ಯರು. ನಿಮ್ಮ ಮೇಲೆ ಕ್ರಮವಿಲ್ಲ, ಮುಂದೆ ಅನುಮತಿ ಪಡೆದು ಚಿತ್ರಿಸಿ ಎಂದು ಎರಡು ಸಾಲು ಬರೆದರು. ಅವನ ಮೇಲೆ ಏನು ಮಾಡಿದರೋ ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ನಾನು ಬೇರೆ ದಾವೆ ಹೂಡಬಹುದಿತ್ತು. ಜಿಲ್ಲಾ ನ್ಯಾಯಾಲಯದ ಮೆಟ್ಟಿಲು, ರಜೆ, ಖರ್ಚು ಎಲ್ಲವನ್ನೂ ಕೂಡಿಸಿ ನೋಡಿದಾಗ ಒಟ್ಟು ಮೊತ್ತ ಇಷ್ಟವಾಗಲಿಲ್ಲ. ಇದನ್ನು ಹೇಡಿತನ ಎನ್ನುವವರು ಎನ್ನಬಹುದು.

ಈಗಲೂ ಚಿತ್ರ ಕೆರೆಯುತ್ತೇನೆ. ಹಂಚಿಕೊಳ್ಳುವುದಾದರೆ ಫೋಟೊ ಆಗಿಯೇ ಕಳಿಸುತ್ತೇನೆ, ಅದೂ ಓರೆಯಾಗಿ ತೆಗೆದದ್ದು, ಪಕ್ಕದಲ್ಲಿ ದಬ್ಬಣವೋ ಚಹಾದ ಲೋಟವೋ ಕಾಣುವಂತೆ. ಸಹಿಯನ್ನು ಮೂಲೆಯಲ್ಲಿ ಹಾಕುವುದಿಲ್ಲ, ಚಿತ್ರದ ನಡುವೆ ಸೀರೆಯ ಅಂಚಿಗೋ ತೆಂಗಿನ ಗರಿಗೋ ಸೇರಿಸಿಬಿಡುತ್ತೇನೆ. ಊರಿನ ಹೆಸರು ಬಿಟ್ಟಿದ್ದೇನೆ. ಕ್ಯಾಮೆರಾದ ಸ್ಥಳದ ಆಯ್ಕೆ ಮುಚ್ಚಿದ್ದೇನೆ. ಯಾರಾದರೂ ಚಿತ್ರ ಕೇಳಿದರೆ ಯಾವುದಕ್ಕೆ, ಎಷ್ಟು ಪ್ರತಿ, ಮಾರಾಟವೋ ಅಲ್ಲವೋ ಎಂದು ಇಮೇಲ್‌ನಲ್ಲಿ ಬರೆಯಲು ಹೇಳುತ್ತೇನೆ. ಹತ್ತರಲ್ಲಿ ಎಂಟು ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ಪುಟದ ಲೆಕ್ಕವನ್ನು ಟೀಚರ್ ಒಬ್ಬರಿಗೇ ಫೋನಿನಲ್ಲಿ ಒಪ್ಪಿಸುತ್ತೇನೆ. ನಿನ್ನೆ ನಾನು 88ನೇ ಪುಟದಲ್ಲಿದ್ದೆ, ಅವರು 210ರಲ್ಲಿ. ಅವರು ಸುಳ್ಳು ಹೇಳುವವರಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಮಳೆಗಾಲ ಹತ್ತಿರ ಬಂತು. ಕಳೆದ ವಾರ ಸಿದ್ದಾಪುರದಲ್ಲಿರುವ ನನ್ನ ತಂಗಿಗೆ ಹೊಸ ಹೆಸರಿನ ಓದುಗರ ಬಳಗವೊಂದರಿಂದ ಆಹ್ವಾನ ಬಂದಿದೆ. ಹನ್ನೆರಡು ಪುಸ್ತಕ, ದಿನವೂ ಪುಟದ ಲೆಕ್ಕ, ಸದಸ್ಯರ ಚಿತ್ರಗಳಿಂದ ಸ್ಮರಣ ಸಂಚಿಕೆ. ಕೊನೆಯ ಸಾಲು ಅದೇ: ‘ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.’