ಏರ್‌ಸೆನ್ಸ್ 10 ಆಟೋಸೆಟ್: ಹೃದಯದ ತೊಂದರೆ ಇರುವವರು ಕೊಳ್ಳುವ ಮುನ್ನ

ಗೊರಕೆ ಹೊಡೆಯುವವರಿಗೆಲ್ಲ ಸಿಪ್ಯಾಪ್, ಅಂದರೆ ನಿದ್ದೆಯಲ್ಲಿ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ, ಬೇಕಿಲ್ಲ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹಿಡಿತಕ್ಕೆ ಬಾರದವರು, ಏಟ್ರಿಯಲ್ ಫಿಬ್ರಿಲೇಷನ್‌ಗೆ ಚಿಕಿತ್ಸೆ ಪಡೆದ ಮೇಲೂ ಎದೆಬಡಿತ ಮತ್ತೆ ಲಯ ತಪ್ಪುವವರು ಗೊರಕೆಯನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಂಥವರಿಗೆ ಹೃದಯದ ಡಾಕ್ಟರೇ ‘ಒಮ್ಮೆ ಸ್ಲೀಪ್ ಟೆಸ್ಟ್ ಮಾಡಿಸಿ’ ಎಂದು ಬರೆದುಕೊಡುವುದುಂಟು. ವರದಿಯಲ್ಲಿ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ, 15 ದಾಟಿದ್ದರೆ ಮಾತು ಸಾಮಾನ್ಯವಾಗಿ ಯಂತ್ರಕ್ಕೆ ಬರುತ್ತದೆ. ರೆಸ್‌ಮೆಡ್ ಕಂಪನಿಯ ಈ ಮಾದರಿ ಆಗ ಹೆಚ್ಚಾಗಿ ಕೇಳಿಬರುವ ಹೆಸರು. 2021ರಲ್ಲಿ ಏರ್‌ಸೆನ್ಸ್ 11 ಬಂದ ಮೇಲೂ ಇದರ ಬಳಕೆ ನಿಂತಿಲ್ಲ.

ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವ ತೊಂದರೆಗೆ ಸ್ಲೀಪ್ ಅಪ್ನಿಯಾ ಎಂದು ಹೆಸರು, ಹೆಚ್ಚಾಗಿ ಗಂಟಲು ಮುಚ್ಚುವುದೇ ಕಾರಣ. ಗಂಟಲಿನ ದಾರಿ ಮುಚ್ಚಿಕೊಂಡಾಗಲೂ ಎದೆ ಗಾಳಿಗಾಗಿ ಎಳೆಯುತ್ತಲೇ ಇರುತ್ತದೆ. ಗಾಳಿ ಬರುವುದಿಲ್ಲ, ಆ ಸೆಳೆತವೆಲ್ಲ ಎದೆಗೂಡಿನೊಳಗೇ ಉಳಿದು ಹೃದಯದ ಮೇಲಿನ ಕೋಣೆಗಳನ್ನು ಹಿಗ್ಗಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಚ್ಚರಗೊಳ್ಳುತ್ತದೆ, ಬಿಪಿ ಜಿಗಿಯುತ್ತದೆ. ಎಎಚ್‌ಐ 30 ಇದ್ದರೆ ಎರಡು ನಿಮಿಷಕ್ಕೊಮ್ಮೆ ಇದೇ ಪಾಡು. ರಾತ್ರಿ ತಾನಾಗಿ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ಯಂತ್ರ ಮಾಡುವುದು ಇಷ್ಟೇ: ಮಾಸ್ಕ್ ಮೂಲಕ ಒತ್ತಡದ ಗಾಳಿ ತುಂಬಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ.

ಆ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ. ಸದ್ದು ಕಡಿಮೆ, ತೂಕ ಸುಮಾರು 1.25 ಕಿಲೊ. ಗಾಳಿಯ ಒತ್ತಡವನ್ನು ಸೆಂ.ಮೀ. ನೀರಿನ ಮಟ್ಟದ ಲೆಕ್ಕದಲ್ಲಿ ಅಳೆಯುತ್ತಾರೆ; ಅದನ್ನು 4ರಿಂದ 20ರ ನಡುವೆ ತಾನೇ ಏರಿಳಿಸಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ಎಷ್ಟೋ ಕಡೆ ಮಾರುವವರು 4–20 ಎಂದು ಪೂರ್ತಿ ತೆರೆದಿಟ್ಟೇ ಮನೆಗೆ ಕೊಟ್ಟು ಹೋಗುತ್ತಾರೆ. ದೊಡ್ಡ ಮೈಯವರಿಗೆ 4ರಲ್ಲಿ ಉಸಿರು ಸಾಲದೆ ಕಟ್ಟಿದಂತಾಗುತ್ತದೆ; ನಡುರಾತ್ರಿ ಒತ್ತಡ ಏರಿದಾಗ ಮಾಸ್ಕ್ ಅಂಚಿನಿಂದ ಗಾಳಿ ಸೋರಿ ಎಚ್ಚರವಾಗುತ್ತದೆ. ಮೂರನೇ ದಿನ ಯಂತ್ರ ಅಟ್ಟ ಸೇರುತ್ತದೆ. ಒಂದೆರಡು ವಾರ ಬಳಸಿ, ಯಂತ್ರದ ದಾಖಲೆ ಇರುವ ಎಸ್‌ಡಿ ಕಾರ್ಡ್ ಸಮೇತ ಸ್ಲೀಪ್ ಡಾಕ್ಟರ ಬಳಿ ಹೋಗಿ. ರಾತ್ರಿಯ ಶೇ 95ರಷ್ಟು ಹೊತ್ತು ಒತ್ತಡ ಎಷ್ಟರೊಳಗಿತ್ತು ಎಂಬುದು ಅದರಲ್ಲಿ ಸಿಗುತ್ತದೆ. ಅದನ್ನು ನೋಡಿ ಅವರು ಕೆಳಮಿತಿ, ಮೇಲ್ಮಿತಿ ಎರಡನ್ನೂ ಬಿಗಿ ಮಾಡುತ್ತಾರೆ. ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಇಪಿಆರ್ ಸೌಲಭ್ಯ 1ರಿಂದ 3ರವರೆಗೆ ಇದೆ, ಹೊಸಬರು ಅದನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಬೆಳಿಗ್ಗೆ ಪರದೆಯಲ್ಲಿ ನಗುಮುಖ ಕಂಡರೆ ಮಾಸ್ಕ್ ಸರಿಯಾಗಿ ಕೂತಿತ್ತು ಎಂದಷ್ಟೇ ಅರ್ಥ, ಹೃದಯಕ್ಕೆ ಲಾಭವಾಯಿತೆಂದಲ್ಲ. ಅದಕ್ಕೆ ನೋಡಬೇಕಾದ್ದು ಬಳಕೆಯ ಗಂಟೆ. 2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನದಲ್ಲಿ ಮೊದಲೇ ಹೃದ್ರೋಗ ಅಥವಾ ಪಾರ್ಶ್ವವಾಯುವಿನಂಥ ತೊಂದರೆ ಇದ್ದ 2,717 ಜನರಿದ್ದರು. ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದನ್ನೂ ಸಿಪ್ಯಾಪ್ ಕಡಿಮೆ ಮಾಡಿದ್ದು ಅಲ್ಲಿ ಕಾಣಲಿಲ್ಲ. ಆದರೆ ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ, ಹಗಲಲ್ಲಿ ವಿಪರೀತ ತೂಕಡಿಸುವವರನ್ನು ಸೇರಿಸಿಕೊಂಡೂ ಇರಲಿಲ್ಲ. ಹಾಗಾಗಿ ‘ಹಾರ್ಟ್ ಅಟ್ಯಾಕ್ ತಡೆಯುತ್ತೆ ಸರ್’ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಬಿಪಿ ಸರಾಸರಿ 2–3 ಅಂಕ ಇಳಿಯುತ್ತದೆ ಎನ್ನುವುದು ಮಾತ್ರ ಗಟ್ಟಿ ಮಾತು, ಮಾತ್ರೆ ನಿಲ್ಲಿಸುವಷ್ಟಲ್ಲ. ಹಗಲಿನ ತೂಕಡಿಕೆಗೆ ಸಿಗುವ ಗುಣ ಇದಕ್ಕಿಂತ ಎಷ್ಟೋ ದೊಡ್ಡದು.

ಮಾಸ್ಕ್ ಆಯ್ಕೆಯಲ್ಲಿ ಒಂದು ಅಪಾಯವಿದೆ, ಹೃದ್ರೋಗಿಗಳು ಓದಲೇಬೇಕು. ಇದೇ ಕಂಪನಿಯ ಏರ್‌ಫಿಟ್ ಎನ್20, ಎಫ್20 ಮಾಸ್ಕ್‌ಗಳ ಪಟ್ಟಿ ಸಿಕ್ಕಿಸುವ ಕ್ಲಿಪ್‌ಗಳಲ್ಲಿ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್, ಐಸಿಡಿಯಂಥ (ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ) ಎದೆಯೊಳಗಿನ ಸಾಧನಗಳಿಂದ ಅದು ಕನಿಷ್ಠ 15 ಸೆಂ.ಮೀ. ದೂರ ಇರಬೇಕೆಂದು ಕಂಪನಿಯೇ 2023ರ ಕೊನೆಯಲ್ಲಿ ಎಚ್ಚರಿಕೆ ಬಿಗಿಗೊಳಿಸಿತು. ಪಕ್ಕದಲ್ಲಿ ಮಲಗುವವರ ಎದೆಯಲ್ಲಿ ಪೇಸ್‌ಮೇಕರ್ ಇದ್ದರೂ ಇದೇ ಮಾತು. ಮಾಸ್ಕ್ ಬಿಚ್ಚಿದಾಗ ಕ್ಲಿಪ್ ಜೋತಾಡುತ್ತ, ಸಾಮಾನ್ಯವಾಗಿ ಪೇಸ್‌ಮೇಕರ್ ಇರುವ ಎಡ ಭುಜದ ಕೆಳಗೆ ತಗಲುವುದು ಸುಲಭ. ಅಂಥವರಿಗೆ ಅಯಸ್ಕಾಂತ ಇಲ್ಲದ ಏರ್‌ಫಿಟ್ ಪಿ10 ಇದೆ; ಮೂಗಿನ ಹೊಳ್ಳೆಗೆ ಕೂರುವ ಸಣ್ಣ ಮೆತ್ತೆ ಅಷ್ಟೇ. ಬಾಯಿ ತೆರೆದು ಮಲಗುವವರಿಗೆ ಅದು ಆಗದು. ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಯಂತ್ರದ ಲೆಕ್ಕವೇ ಕೆಡುತ್ತದೆ. ಮಾಸ್ಕ್ ಅಳತೆ ನೋಡುವಾಗ ಅಂಗಡಿಯ ಕುರ್ಚಿಯಲ್ಲಿ ಕೂತು ನೋಡಬೇಡಿ, ಮಲಗಿ, ಗಾಳಿ ಬಿಟ್ಟು, ಮಗ್ಗುಲು ಬದಲಿಸಿ ನೋಡಿ. ಪಟ್ಟಿ ಬಿಗಿದಷ್ಟೂ ಸೋರಿಕೆ ನಿಲ್ಲುತ್ತದೆ ಎನ್ನುವುದು ತಪ್ಪು. ಹೆಚ್ಚು ಬಿಗಿದರೆ ಸಿಲಿಕೋನ್ ಮಡಚಿಕೊಂಡು ಇನ್ನಷ್ಟು ಸೋರುತ್ತದೆ, ಮೂಗಿನ ದಿಂಡಿನ ಮೇಲೆ ಹುಣ್ಣಾಗುತ್ತದೆ.

ಹಾರ್ಟ್ ಫೇಲ್ಯೂರ್ ಇರುವವರು ಮನೆಯ ಟೆಸ್ಟ್ ನೆಚ್ಚಿಕೊಂಡು ಇದನ್ನು ಕೊಳ್ಳಬಾರದು. ಅವರಲ್ಲಿ ಗಂಟಲು ಮುಚ್ಚದೆಯೂ ಉಸಿರು ನಿಲ್ಲಬಹುದು, ಮಿದುಳಿನಿಂದ ಆಜ್ಞೆಯೇ ಬರುವುದಿಲ್ಲ. ಅದಕ್ಕೆ ಲ್ಯಾಬ್‌ನಲ್ಲಿ ರಾತ್ರಿಯಿಡೀ ಪಾಲಿಸೋಮ್ನೋಗ್ರಫಿ, ಅಂದರೆ ನಿದ್ದೆಯ ಪೂರ್ತಿ ಪರೀಕ್ಷೆ, ಆಗಬೇಕು. ಈ ಯಂತ್ರ ಅಂಥ ಸೆಂಟ್ರಲ್ ಅಪ್ನಿಯಾವನ್ನು ಗುರುತಿಸಿ ಬೇರೆಯಾಗಿ ಎಣಿಸುತ್ತದೆ, ಅದೊಂದು ಒಳ್ಳೆಯ ಗುಣ. ವಾಸಿ ಮಾಡಲು ಮಾತ್ರ ಬಂದದ್ದಲ್ಲ. ‘ಹಾಗಾದರೆ ಎಎಸ್‌ವಿ ತಗೊಳ್ಳಿ’ ಎಂದು, ಉಸಿರು ನಿಂತಾಗ ತಾನೇ ಉಸಿರಾಡಿಸುವ ದುಬಾರಿ ಯಂತ್ರ ತೋರಿಸಿದರೆ ಮೊದಲು ಎಕೋ ವರದಿ ತೆಗೆಯಿರಿ. ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ 45 ಅಥವಾ ಅದಕ್ಕಿಂತ ಕಡಿಮೆ ಇದ್ದ ಇಂಥ ರೋಗಿಗಳಲ್ಲಿ ಎಎಸ್‌ವಿಯಿಂದ ಹೃದಯ ಸಂಬಂಧಿ ಸಾವು ಹೆಚ್ಚಿದ್ದು 2015ರ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ ಕಂಡಿದೆ.

ನೀರಿನ ತೊಟ್ಟಿ 380 ಮಿ.ಲೀ. ಹಿಡಿಯುತ್ತದೆ. ಡಿಸ್ಟಿಲ್ಡ್ ನೀರನ್ನೇ ಹಾಕಿ. ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಬೆಳಿಗ್ಗೆ ಉಳಿದದ್ದು ಚೆಲ್ಲಿ ಒಣಗಿಸಿ, ಮಾಸ್ಕ್ ಮೆತ್ತೆಯ ಮುಖದ ಜಿಡ್ಡನ್ನು ದಿನಾ ಸೋಪು ನೀರಿನಲ್ಲಿ ತೊಳೆಯಿರಿ. ಮಳೆಗಾಲದ ಚಳಿಯಲ್ಲಿ ಕೊಳವೆಯೊಳಗೆ ನೀರು ಕಟ್ಟಿ ಗುಳುಗುಳು ಸದ್ದಾದರೆ ತೇವಾಂಶ ಒಂದು ಹಂತ ಇಳಿಸಿ, ಅಥವಾ ಬಿಸಿಯಾಗುವ ಕೊಳವೆ ಕೇಳಿ ತೆಗೆದುಕೊಳ್ಳಿ. ಫಿಲ್ಟರ್ ಆರು ತಿಂಗಳಿಗಾದರೂ ಬದಲಿಸಬೇಕು, ರಸ್ತೆಬದಿಯ ಮನೆಯಾದರೆ ಇನ್ನೂ ಬೇಗ. ಕರೆಂಟ್ ಹೋದರೆ ಯಂತ್ರದಲ್ಲಿ ಸ್ವಂತ ಬ್ಯಾಟರಿ ಇಲ್ಲ. ಅಡಾಪ್ಟರ್ 90 ವ್ಯಾಟ್‌ನದು, ಮನೆಯ ಇನ್ವರ್ಟರ್ ಎಳೆಯುತ್ತದೆ; ಪ್ಯೂರ್ ಸೈನ್ ವೇವ್ ಆಗಿದ್ದರೆ ಒಳ್ಳೆಯದು. ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಬಾಡಿಗೆಗೆ ಸಿಕ್ಕರೆ ಒಂದು ತಿಂಗಳು ಬಳಸಿ ನೋಡಿ ಆಮೇಲೆ ಕೊಳ್ಳಿ, ಮಾಸ್ಕ್ ಮಾತ್ರ ಹೊಸದೇ ಇರಲಿ. ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಅಗ್ಗದಲ್ಲಿ ಫಿಲಿಪ್ಸ್‌ನ ಮೊದಲ ಡ್ರೀಮ್‌ಸ್ಟೇಷನ್‌ಗಳೂ ಎದುರಾಗಬಹುದು. ಒಳಗಿನ ಸದ್ದು ತಡೆಯುವ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದೆಂದು ಕಂಪನಿ ಅವನ್ನು 2021ರ ಜೂನ್‌ನಲ್ಲಿ ವಾಪಸ್ ಕರೆದಿತ್ತು. ಫೋಮ್ ಬದಲಿಸಿದ ದಾಖಲೆ ತೋರಿಸದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.